ಅಣು, ಪರಮಾಣು, ತ್ರಸರೇಣು: ಕಣಾದರ ಫಾರ್ವರ್ಡ್‌ನಲ್ಲಿ ಎಷ್ಟು ನಿಜ, ಎಷ್ಟು ಬೆರಕೆ?

ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ತಿರುಗಿ ಬರುವ ಸಂದೇಶ ಒಂದಿದೆ. ಗಡ್ಡ ಬಿಟ್ಟ ಋಷಿಯ ಚಿತ್ರ, ಪಕ್ಕದಲ್ಲಿ ಎಲೆಕ್ಟ್ರಾನ್ ಸುತ್ತುವ ಪರಮಾಣುವಿನ ಚಿತ್ರ. ಕೆಳಗೆ ಹೆಚ್ಚುಕಡಿಮೆ ಇಂಥ ಬರಹ: "ಡಾಲ್ಟನ್‌ಗಿಂತ 2500 ವರ್ಷ ಮೊದಲೇ ಕಣಾದ ಮಹರ್ಷಿ ಪರಮಾಣುವನ್ನು ಕಂಡುಹಿಡಿದಿದ್ದರು. ನಮ್ಮ ಪಠ್ಯಪುಸ್ತಕಗಳು ಇದನ್ನು ಮುಚ್ಚಿಟ್ಟಿವೆ. ಹೆಮ್ಮೆಯ ಭಾರತೀಯರಾಗಿದ್ದರೆ ಶೇರ್ ಮಾಡಿ." ಇದಕ್ಕೆ ಉತ್ತರವಾಗಿ ಬರುವ ಇನ್ನೊಂದು ಸಂದೇಶವೂ ಉಂಟು: "ಇದೆಲ್ಲ ಬುರುಡೆ, ಹಳೆಯ ಕಾಲದಲ್ಲಿ ಅಂಥದ್ದೇನೂ ಇರಲಿಲ್ಲ."

ಎರಡೂ ಪೂರ್ತಿ ಸರಿಯಿಲ್ಲ. ಎರಡರ ನಡುವೆ ಕಳೆದುಹೋಗಿರುವುದು ಒಂದು ಪದದ ಕಥೆ. ನಾವು ಇಲ್ಲಿ "ಅಣು" ಎಂಬ ಪದವನ್ನು ಹಿಡಿದು ಅದು ಎಲ್ಲಿಂದ ಬಂತು, ಯಾವ ಕಾಲದಲ್ಲಿ ಏನೇನು ಅರ್ಥ ಕೊಟ್ಟಿತು, ಇವತ್ತು ಕನ್ನಡದಲ್ಲಿ ಅದರಿಂದ ಆಗುತ್ತಿರುವ ಗೊಂದಲವೇನು ಎಂಬುದನ್ನು ಒಂದೊಂದಾಗಿ ನೋಡೋಣ. ಈ ಗೊಂದಲ ಬರೀ ಪಂಡಿತರ ಚರ್ಚೆಯಲ್ಲ. ಆಸ್ಪತ್ರೆಯ ಒಂದು ಫಲಕ ನೋಡಿ ಹೆದರುವ ತನಕ ಅದು ಹೋಗುತ್ತದೆ.

ಸಂಕ್ಷಿಪ್ತವಾಗಿ ಹೇಳುವುದಾದರೆ

• ವಸ್ತುವನ್ನು ಒಡೆಯುತ್ತಾ ಹೋದರೆ ಮುಂದೆ ಒಡೆಯಲಾಗದ ಕಣ ಸಿಗುತ್ತದೆ ಎಂಬ ವಿಚಾರ ಭಾರತದಲ್ಲಿ ಬಹಳ ಹಿಂದೆಯೇ ಇತ್ತು. ಅದನ್ನು "ಪರಮಾಣು" ಎಂದು ಕರೆದದ್ದೂ ನಿಜ.
• ಆ ಪರಮಾಣುವೂ ಇಂದಿನ ವಿಜ್ಞಾನದ ಪರಮಾಣುವೂ ಒಂದೇ ಅಲ್ಲ. ಹೆಸರು ಒಂದೇ, ವಸ್ತು ಬೇರೆ.
• "ಪಠ್ಯಪುಸ್ತಕದಲ್ಲಿ ಮುಚ್ಚಿಟ್ಟಿದ್ದಾರೆ" ಎಂಬುದು ಸುಳ್ಳು. ಬಹಳ ವರ್ಷ ಪಾಠವಾಗಿದ್ದ ಎನ್‌ಸಿಇಆರ್‌ಟಿಯ 9ನೇ ತರಗತಿ ವಿಜ್ಞಾನ ಪುಸ್ತಕದಲ್ಲಿ, ಪರಮಾಣು ಮತ್ತು ಅಣುಗಳ ಪಾಠದ ಆರಂಭದಲ್ಲೇ ಕಣಾದರ ಹೆಸರಿದೆ.

ಅಣು ಎಂದರೆ ಮೊದಲು ಏನಿತ್ತು?

ಇವತ್ತು ಅಣು ಎಂದ ಕೂಡಲೇ ನಮಗೆ ಬಾಂಬು, ವಿದ್ಯುತ್ ಸ್ಥಾವರ ನೆನಪಾಗುತ್ತದೆ. ಆದರೆ ಸಂಸ್ಕೃತದಲ್ಲಿ ಇದು ಮೂಲತಃ ಒಂದು ವಸ್ತುವಿನ ಹೆಸರೇ ಅಲ್ಲ, ಗುಣವಾಚಕ. "ಸಣ್ಣ", "ನವಿರಾದ", "ಸೂಕ್ಷ್ಮ" ಎಂದಷ್ಟೇ ಅರ್ಥ. ಋಗ್ವೇದದಲ್ಲಿ ಇದರ ಸ್ತ್ರೀಲಿಂಗ ರೂಪ "ಅಣ್ವೀ" ಬರುತ್ತದೆ. ಸೋಮರಸ ಹಿಂಡುವ ತೆಳು ಬೆರಳುಗಳಿಗೆ ಆ ಪದ. ಅಲ್ಲಿ ಕಣವೂ ಇಲ್ಲ, ಭೌತವಿಜ್ಞಾನವೂ ಇಲ್ಲ.

ಇನ್ನೂ ಸ್ವಾರಸ್ಯದ್ದು ಎಂದರೆ ಅಣು ಒಂದು ಧಾನ್ಯದ ಹೆಸರೂ ಹೌದು. ಬೃಹದಾರಣ್ಯಕ ಉಪನಿಷತ್ತು ಬೇಸಾಯದ ಹತ್ತು ಧಾನ್ಯಗಳನ್ನು ಪಟ್ಟಿ ಮಾಡುತ್ತದೆ. ಭತ್ತ, ಜವೆ, ಎಳ್ಳು, ಉದ್ದು, ಗೋಧಿ ಮುಂತಾದವುಗಳ ಜೊತೆ ಅಲ್ಲಿ "ಅಣು" ಕೂಡ ಇದೆ. ಸಂಸ್ಕೃತ ನಿಘಂಟುಗಳು ಇದನ್ನು ನಮ್ಮ ಬರಗು ಎಂದು ಗುರುತಿಸುತ್ತವೆ. ಸಿರಿಧಾನ್ಯದ ಅಂಗಡಿಯಲ್ಲಿ ನವಣೆ, ಸಾಮೆಯ ಪಕ್ಕದಲ್ಲಿ ಇಟ್ಟಿರುತ್ತಾರಲ್ಲ, ಅದೇ ಬರಗು. ಕಾಳು ಸಣ್ಣದು, ಆದ್ದರಿಂದ ಹೆಸರು ಅಣು.

ಪಾಲಿ ಭಾಷೆಯ ಬೌದ್ಧ ಗ್ರಂಥಗಳಲ್ಲೂ ಅಣು ಎಂದರೆ ಸಣ್ಣದು, ಅದರ ಎದುರು ಪದ "ಥೂಲ", ಅಂದರೆ ಸ್ಥೂಲ. ಅಮರಕೋಶವು ಲವ, ಲೇಶ, ಕಣ, ಅಣು ಈ ನಾಲ್ಕನ್ನೂ "ಸ್ವಲ್ಪ" ಎಂಬ ಅರ್ಥದ ಸಮಾನಪದಗಳ ಸಾಲಿಗೆ ಸೇರಿಸುತ್ತದೆ. ಇದರಲ್ಲಿ ಮೊದಲ ಎರಡನ್ನು ನಾವು ಜೋಡಿಸಿ ಇಂದಿಗೂ ಬಳಸುತ್ತೇವೆ. "ಅವನಿಗೆ ನಾಚಿಕೆ ಲವಲೇಶವೂ ಇಲ್ಲ" ಎನ್ನುವಾಗ ನಾವು ಎರಡು ಹಳೆಯ ಕಣಗಳ ಹೆಸರು ಹೇಳುತ್ತಿದ್ದೇವೆ.

ಈ "ಸಣ್ಣ" ಎಂಬ ಅರ್ಥ ನಮಗೆ ಗೊತ್ತಿರುವ ಹಲವು ಪದಗಳಲ್ಲಿ ಉಳಿದಿದೆ.

• ಅಣಿಮಾ: ಅಷ್ಟಸಿದ್ಧಿಗಳಲ್ಲಿ ಮೊದಲನೆಯದು, ದೇಹವನ್ನು ಅತಿ ಚಿಕ್ಕದಾಗಿಸಿಕೊಳ್ಳುವ ಶಕ್ತಿ. ಅಣು ಪದದಿಂದಲೇ ಹುಟ್ಟಿದ್ದು.
• ಅಣುವ್ರತ: ಜೈನ ಧರ್ಮದಲ್ಲಿ ಗೃಹಸ್ಥರು ಪಾಲಿಸುವ ಚಿಕ್ಕ ಪ್ರಮಾಣದ ವ್ರತ. ಮುನಿಗಳದ್ದು ಮಹಾವ್ರತ.
• ಅಣುಭಾಷ್ಯ: ಉಡುಪಿಯ ಮಧ್ವಾಚಾರ್ಯರು ಬ್ರಹ್ಮಸೂತ್ರಗಳ ಸಾರವನ್ನು ಬಹಳ ಅಡಕವಾಗಿ ಹೇಳಿದ ಕೃತಿ.
• ಅಣು ತೈಲ: ಚರಕಸಂಹಿತೆಯಲ್ಲಿ ನಸ್ಯಕ್ಕೆ, ಅಂದರೆ ಮೂಗಿಗೆ ಬಿಡಲು ಹೇಳಿರುವ ಎಣ್ಣೆ. ಸೂಕ್ಷ್ಮ ದಾರಿಗಳಿಗೆ ಹೋಗುವಂಥದ್ದು ಎಂಬ ಅರ್ಥದ ಹೆಸರು.

ಮಧ್ವರ ಮತದಲ್ಲೂ ರಾಮಾನುಜರ ಮತದಲ್ಲೂ ಜೀವನು "ಅಣು". ಅಂದರೆ ಜೀವ ಎನ್ನುವುದು ರಸಾಯನಶಾಸ್ತ್ರದ ಕಣ ಎಂದಲ್ಲ, ಪರಮಾತ್ಮನಂತೆ ಎಲ್ಲೆಡೆ ವ್ಯಾಪಿಸಿಲ್ಲ, ಅತಿ ಸೂಕ್ಷ್ಮ ಎಂದು ಅರ್ಥ. ಹಳೆಯ ಪುಸ್ತಕದಲ್ಲಿ ಎಲ್ಲಿ "ಅಣು" ಕಂಡರೂ ಅಲ್ಲಿ ವಿಜ್ಞಾನ ಇದೆ ಎಂದು ತಿಳಿಯುವುದು ಏಕೆ ತಪ್ಪು ಎಂಬುದು ಇಷ್ಟರಲ್ಲೇ ಗೊತ್ತಾಗುತ್ತದೆ.

ಅಣು ಬೇರೆ, ಅನು ಬೇರೆ

ಮೊಬೈಲ್‌ನಲ್ಲಿ ಟೈಪ್ ಮಾಡುವಾಗ "ಅಣು ಬಾಂಬ್" ಎಂಬುದು "ಅನು ಬಾಂಬ್" ಆಗುವುದು ಮಾಮೂಲು. ಎರಡಕ್ಕೂ ಸಂಬಂಧವಿಲ್ಲ. "ಅನು" ಎಂದರೆ ಹಿಂದೆ ಬರುವ, ಅನುಸರಿಸುವ ಎಂಬ ಅರ್ಥದ ಉಪಸರ್ಗ. ಅನುವಾದ, ಅನುಭವ, ಅನುಕರಣೆ ಎಲ್ಲ ಅದರ ಮಕ್ಕಳು. ಮಧ್ವಾಚಾರ್ಯರ ಕೃತಿಗಳಲ್ಲೇ ಎರಡೂ ಇವೆ: ಅಣುಭಾಷ್ಯ ಮತ್ತು ಅನುವ್ಯಾಖ್ಯಾನ. ಮೊದಲನೆಯದರಲ್ಲಿ ಣ, ಎರಡನೆಯದರಲ್ಲಿ ನ.

ಕಣ ಎಂಬ ಪದದಲ್ಲೂ ಇಂಥದ್ದೇ ಒಂದು ಮೋಸವಿದೆ. ಧೂಳಿನ ಕಣ, ಅಕ್ಕಿಯ ಕಣ ಎನ್ನುವಾಗಿನ ಕಣ ಸಂಸ್ಕೃತದ್ದು. ರಾಗಿ ಒಕ್ಕುವ ಕಣ, ಕುಸ್ತಿಯ ಕಣ, ಚುನಾವಣಾ ಕಣ ಎನ್ನುವಾಗಿನ ಕಣ ದ್ರಾವಿಡ ಮೂಲದ್ದು, ತಮಿಳಿನ "ಕಳಂ" ಇದರ ನೆಂಟ. ಕಣದಲ್ಲಿ ಕಣಗಳು ಹಾರುತ್ತವೆ ನಿಜ, ಆದರೆ ಪದಗಳು ಎರಡು.

ಕಣಾದ ಎಂದರೆ ಯಾರು?

ಕಣಾದ ಎಂಬ ಹೆಸರನ್ನು ಬಿಡಿಸಿದರೆ "ಕಣವನ್ನು ತಿನ್ನುವವನು" ಎಂದಾಗುತ್ತದೆ. ಇವರಿಗೆ ಕಣಭುಕ್, ಕಣಭಕ್ಷ ಎಂಬ ಹೆಸರುಗಳೂ ಇವೆ, ಅವಕ್ಕೂ ಅದೇ ಅರ್ಥ. ಕೊಯ್ಲು ಮುಗಿದ ಮೇಲೆ, ಬೀದಿಯಲ್ಲಿ ಚೆಲ್ಲಿದ ಅಕ್ಕಿ ಕಾಳನ್ನು ಪಾರಿವಾಳದ ಹಾಗೆ ಹೆಕ್ಕಿ ತಿಂದು ಬದುಕಿದ ತಪಸ್ವಿ ಎಂಬುದು ಹಳೆಯ ವ್ಯಾಖ್ಯಾನ. ಅಂದರೆ ಹೆಸರಿನಲ್ಲಿರುವ "ಕಣ" ಮೂಲತಃ ಅಕ್ಕಿಯ ನುಚ್ಚೇ ಆಗಿರಬಹುದು. ಕಣಗಳ ಸಿದ್ಧಾಂತ ಹೇಳಿದ್ದರಿಂದ ಆ ಹೆಸರು ಬಂತು ಎನ್ನುವ ವಿವರಣೆಯೂ ಇದೆ. ಉಲೂಕ ಎಂಬುದು ಇವರ ಇನ್ನೊಂದು ಹೆಸರು. ಆದ್ದರಿಂದ ಇವರ ದರ್ಶನಕ್ಕೆ ಔಲೂಕ್ಯ ದರ್ಶನ ಎಂಬ ಹೆಸರೂ ಬಂದಿದೆ.

ಇವರ ಹೆಸರಿನಲ್ಲಿರುವ ಗ್ರಂಥ ವೈಶೇಷಿಕ ಸೂತ್ರ. ಫಾರ್ವರ್ಡ್‌ಗಳು "ಕ್ರಿಸ್ತಪೂರ್ವ 600" ಎಂದು ಖಚಿತವಾಗಿ ಬರೆಯುತ್ತವೆ. ಆದರೆ ವಿದ್ವಾಂಸರು ಸೂಚಿಸುವ ಕಾಲ ಕ್ರಿಸ್ತಪೂರ್ವ 6ನೇ ಶತಮಾನದಿಂದ ಕ್ರಿಸ್ತಶಕ 2ನೇ ಶತಮಾನದವರೆಗೆ ಹರಡಿದೆ. ಸೂತ್ರಗಳು ಬಹಳ ಚುಟುಕು. ಇಂದು ನಮಗೆ ಪರಿಚಿತವಾದ ಪರಮಾಣು ವಾದದ ಹೆಚ್ಚಿನ ವಿವರ ಸಿಗುವುದು ಸುಮಾರು 6ನೇ ಶತಮಾನದ ಪ್ರಶಸ್ತಪಾದರ ಪದಾರ್ಥಧರ್ಮಸಂಗ್ರಹ ಮತ್ತು ಅದರ ಮೇಲಿನ ವ್ಯಾಖ್ಯಾನಗಳಲ್ಲಿ. ಅಂದರೆ ಇದು ಒಬ್ಬ ಋಷಿಗೆ ಒಂದು ದಿನ ಹೊಳೆದದ್ದಲ್ಲ. ನೂರಾರು ವರ್ಷ ಹಲವರು ಕೂತು ವಾದ ಮಾಡಿ ಬೆಳೆಸಿದ್ದು.

ವೈಶೇಷಿಕರ ಪರಮಾಣು ಹೇಗಿತ್ತು?

ಅವರ ವಾದ ಸರಳವಾಗಿ ಹೀಗಿದೆ. ಮಡಕೆಯನ್ನು ಒಡೆದರೆ ಚೂರು, ಚೂರನ್ನು ಒಡೆದರೆ ಪುಡಿ, ಪುಡಿಯನ್ನು ಒಡೆದರೆ ಧೂಳು. ಹೀಗೆ ಒಡೆಯುವುದಕ್ಕೆ ಕೊನೆಯೇ ಇಲ್ಲ ಎಂದಾದರೆ ಸಾಸಿವೆ ಕಾಳಿನಲ್ಲೂ ಲೆಕ್ಕವಿಲ್ಲದಷ್ಟು ಭಾಗ, ಮೇರು ಪರ್ವತದಲ್ಲೂ ಲೆಕ್ಕವಿಲ್ಲದಷ್ಟು ಭಾಗ. ಹಾಗಿದ್ದರೆ ಎರಡೂ ಒಂದೇ ಗಾತ್ರ ಇರಬೇಕಿತ್ತು. ಹಾಗಿಲ್ಲ. ಆದ್ದರಿಂದ ಒಡೆಯುವುದು ಎಲ್ಲೋ ಒಂದು ಕಡೆ ನಿಲ್ಲಬೇಕು. ನಿಲ್ಲುವ ಆ ಕೊನೆಯ ಕಣವೇ ಪರಮ-ಅಣು, ಅಂದರೆ "ಸಣ್ಣದರಲ್ಲಿ ಕಟ್ಟಕಡೆಯದು".

ಅಲ್ಲಿಂದ ಮೇಲೆ ಕಟ್ಟುವ ಕ್ರಮವೂ ಇದೆ. ಎರಡು ಪರಮಾಣು ಸೇರಿದರೆ ಒಂದು ದ್ವ್ಯಣುಕ. ಮೂರು ದ್ವ್ಯಣುಕ ಸೇರಿದರೆ ಒಂದು ತ್ರ್ಯಣುಕ. ತ್ರ್ಯಣುಕಕ್ಕೆ ಇನ್ನೊಂದು ಹೆಸರು ತ್ರಸರೇಣು. ಇದು ಕಣ್ಣಿಗೆ ಕಾಣುವ ಅತಿ ಚಿಕ್ಕ ವಸ್ತು. ಕಿಟಕಿಯ ಸಂದಿನಿಂದ ಬಿಸಿಲಿನ ಕೋಲು ಒಳಗೆ ಬಿದ್ದಾಗ ಅದರಲ್ಲಿ ತೇಲಾಡುವ ಧೂಳು ಕಾಣುತ್ತದಲ್ಲ, ಅದೇ. "ತ್ರಸ" ಎಂದರೆ ಚಲಿಸುವ, ನಡುಗುವ. "ರೇಣು" ಎಂದರೆ ಧೂಳು. ನಾವು "ಅಣುರೇಣು ತೃಣಕಾಷ್ಠ" ಎಂದು ಒಟ್ಟಿಗೆ ಹೇಳುವಾಗ ಬರುವ ರೇಣುವೂ ಇದೇ.

ಇಂದಿನ ಪರಮಾಣುವಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸಗಳು ಇವು.

• ವೈಶೇಷಿಕರಿಗೆ ಪರಮಾಣುಗಳು ನಾಲ್ಕೇ ಬಗೆ: ಪೃಥ್ವಿ, ಅಪ್ಪು, ತೇಜಸ್ಸು, ವಾಯು. ಆಕಾಶಕ್ಕೆ ಪರಮಾಣು ಇಲ್ಲ. ಇಂದು ಗೊತ್ತಿರುವ ಧಾತುಗಳು 118. ನೀರು ಒಂದು ಧಾತುವೇ ಅಲ್ಲ, ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿದ್ದು.
• ಅವರ ಪರಮಾಣು ನಿತ್ಯ, ಒಡೆಯಲಾಗದ್ದು. ಇಂದಿನ ಪರಮಾಣುವಿನೊಳಗೆ ಎಲೆಕ್ಟ್ರಾನ್, ಪ್ರೋಟಾನ್, ನ್ಯೂಟ್ರಾನ್‌ಗಳಿವೆ, ಅದನ್ನು ಒಡೆಯಬಹುದು.
• ಅವರಲ್ಲಿ ಸೃಷ್ಟಿಯ ಆರಂಭದಲ್ಲಿ ಪರಮಾಣುಗಳಿಗೆ ಚಲನೆ ಕೊಡುವುದು "ಅದೃಷ್ಟ", ಅಂದರೆ ಜೀವಿಗಳ ಪುಣ್ಯಪಾಪದ ಕಾಣದ ಫಲ. ಅದು ಅಳೆಯುವ ಬಲವಲ್ಲ.
• ಮನಸ್ಸೂ ಅವರಿಗೆ ಅಣು ಗಾತ್ರದ ಒಂದು ದ್ರವ್ಯ.

ಹಾಗೆಂದು ಇದನ್ನು ಬರೀ ಕಲ್ಪನೆ ಎಂದು ತಳ್ಳುವುದೂ ಅನ್ಯಾಯ. ಕುಂಬಾರನ ಆವಿಗೆಯಲ್ಲಿ ಹಸಿ ಮಡಕೆ ಕೆಂಪಗಾಗುವುದು ಹೇಗೆ ಎಂಬ ಬಗ್ಗೆ ಇವರ ಚರ್ಚೆಯನ್ನೇ ನೋಡಿ. ಬಿಸಿಗೆ ಮಡಕೆ ಪರಮಾಣುಗಳಾಗಿ ಬಿಡಿಬಿಡಿಯಾಗಿ, ಒಂದೊಂದು ಪರಮಾಣುವೂ ಬಣ್ಣ ಬದಲಿಸಿ, ಕಣ್ಣಿಗೆ ತಿಳಿಯದಷ್ಟು ವೇಗವಾಗಿ ಮತ್ತೆ ಸೇರುತ್ತದೆ ಎಂದರು ವೈಶೇಷಿಕರು. ಇದಕ್ಕೆ ಪೀಲುಪಾಕ ಎಂದು ಹೆಸರು. ಇಲ್ಲ, ಮಡಕೆ ಬಿಡಿಯಾಗುವುದಿಲ್ಲ, ಇಡಿಯಾಗಿಯೇ ಬದಲಾಗುತ್ತದೆ ಎಂದರು ನೈಯಾಯಿಕರು. ಅದು ಪಿಠರಪಾಕ. ಕಣ್ಣೆದುರಿನ ಮಡಕೆಯ ಬಣ್ಣವನ್ನು ಕಾಣದ ಕಣಗಳ ಮೂಲಕ ವಿವರಿಸಲು ಹೊರಟ ಈ ಪ್ರಯತ್ನ ಸಣ್ಣದಲ್ಲ. ಆದರೆ ಯಾರು ಸರಿ ಎಂದು ತೀರ್ಮಾನಿಸುವ ಪ್ರಯೋಗ ಅಲ್ಲಿ ಇರಲಿಲ್ಲ. ಎರಡೂ ಕಡೆಯವರ ಹತ್ತಿರ ಇದ್ದದ್ದು ತರ್ಕ.

ವಿರೋಧವೂ ಇತ್ತು

"ನಮ್ಮ ಪೂರ್ವಜರೆಲ್ಲ ಪರಮಾಣು ತಿಳಿದಿದ್ದರು" ಎಂಬ ಮಾತಿನಲ್ಲಿ ಮರೆಯಾಗುವ ಸಂಗತಿ ಇದು. ಬೌದ್ಧ ದಾರ್ಶನಿಕ ವಸುಬಂಧು ಕೇಳಿದ ಪ್ರಶ್ನೆ ಪ್ರಸಿದ್ಧ: ಒಂದು ಪರಮಾಣುವಿಗೆ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ, ಮೇಲೆ, ಕೆಳಗೆ ಹೀಗೆ ಆರು ಕಡೆಯಿಂದ ಆರು ಪರಮಾಣು ತಾಗಿದರೆ, ಅದಕ್ಕೆ ಆರು ಬದಿಗಳಿವೆ ಎಂದಾಯಿತು. ಬದಿಗಳಿದ್ದರೆ ಭಾಗಗಳಿವೆ. ಭಾಗಗಳಿದ್ದರೆ ಅದು ಒಡೆಯಲಾಗದ್ದು ಹೇಗೆ? ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲಿ, ಜಗತ್ತಿಗೆ ಪರಮಾಣುಗಳೇ ಕಾರಣ ಎಂಬ ವಾದವನ್ನು ವಿವರವಾಗಿ ಖಂಡಿಸಿದ್ದಾರೆ. ಹಳೆಯ ಭಾರತದಲ್ಲಿ ಇದ್ದದ್ದು ಒಂದೇ ಉತ್ತರವಲ್ಲ, ಒಂದು ಜೀವಂತ ಜಗಳ. ಫಾರ್ವರ್ಡ್ ಆ ಜಗಳವನ್ನು ಅಳಿಸಿಹಾಕಿ ಒಂದು ಚಿತ್ರ ಉಳಿಸುತ್ತದೆ.

ಜೈನರದ್ದು ಇನ್ನೊಂದು ದಾರಿ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಪ್ರಕಾರ ಪುದ್ಗಲ, ಅಂದರೆ ಜಡವಸ್ತು, ಎರಡು ರೂಪದಲ್ಲಿದೆ: ಅಣು ಮತ್ತು ಸ್ಕಂಧ. ಸ್ಕಂಧ ಎಂದರೆ ಅಣುಗಳ ಕೂಟ. ಅಣುಗಳು ಒಂದಕ್ಕೊಂದು ಅಂಟುವುದಕ್ಕೆ ಕಾರಣ ಅವುಗಳ ಸ್ನಿಗ್ಧ ಮತ್ತು ರೂಕ್ಷ ಗುಣ, ಅಂದರೆ ಜಿಡ್ಡು ಮತ್ತು ಒರಟುತನ. ವೈಶೇಷಿಕರ ಹಾಗೆ ಇವರಲ್ಲಿ ಪರಮಾಣುಗಳಿಗೆ ನಾಲ್ಕು ಜಾತಿ ಇಲ್ಲ.

ಒಂದೇ ಪದ, ಹಲವು ಅಳತೆ

"ಪರಮಾಣುವಿನ ಗಾತ್ರವನ್ನು ನಮ್ಮವರು ಆಗಲೇ ಅಳೆದಿದ್ದರು" ಎಂಬ ಮಾತು ಕೂಡ ಓಡಾಡುತ್ತದೆ. ಹಳೆಯ ಗ್ರಂಥಗಳನ್ನೇ ಪಕ್ಕಪಕ್ಕ ಇಟ್ಟು ನೋಡೋಣ.

ವರಾಹಮಿಹಿರರ ಬೃಹತ್ಸಂಹಿತೆ (6ನೇ ಶತಮಾನ): ಕಿಟಕಿಯ ಬಿಸಿಲಿನಲ್ಲಿ ಕಾಣುವ ಧೂಳೇ ಇಲ್ಲಿ ಪರಮಾಣು. ಅಂದರೆ ಕಣ್ಣಿಗೆ ಕಾಣುತ್ತದೆ! ಅಲ್ಲಿಂದ ಎಂಟೆಂಟು ಪಟ್ಟು ಹೆಚ್ಚುತ್ತಾ ರಜ, ಕೂದಲ ತುದಿ, ಸೀರು, ಹೇನು, ಜವೆ ಕಾಳು, ಅಂಗುಲ.

ವೈಶೇಷಿಕರು: ಅದೇ ಧೂಳು ತ್ರಸರೇಣು. ಪರಮಾಣು ಅದರ ಆರನೇ ಒಂದು ಭಾಗ, ಕಾಣುವುದಿಲ್ಲ.

ಮನುಸ್ಮೃತಿ: ಅದೇ ಧೂಳು ತ್ರಸರೇಣು, ತೂಕದ ಮೊದಲ ಮೆಟ್ಟಿಲು. 8 ತ್ರಸರೇಣು ಒಂದು ಲಿಕ್ಷಾ, 3 ಲಿಕ್ಷಾ ಒಂದು ಕರಿ ಸಾಸಿವೆ, 3 ಕರಿ ಸಾಸಿವೆ ಒಂದು ಬಿಳಿ ಸಾಸಿವೆ, 6 ಬಿಳಿ ಸಾಸಿವೆ ಒಂದು ಜವೆ ಕಾಳು, 3 ಜವೆ ಒಂದು ಕೃಷ್ಣಲ. ಕೃಷ್ಣಲ ಎಂದರೆ ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದ ಗುಲಗಂಜಿ.

ಮಹಾವೀರಾಚಾರ್ಯರ ಗಣಿತಸಾರಸಂಗ್ರಹ (9ನೇ ಶತಮಾನ): ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಈ ಜೈನ ಗಣಿತಜ್ಞರ ಪ್ರಕಾರ ಅನಂತ ಪರಮಾಣುಗಳು ಸೇರಿದರೆ ಒಂದು ಅಣು. ಅಳತೆ ಶುರುವಾಗುವುದು ಅಣುವಿನಿಂದ.

ಭಾಗವತ ಪುರಾಣ: 2 ಪರಮಾಣು ಒಂದು ಅಣು, 3 ಅಣು ಒಂದು ತ್ರಸರೇಣು. ಇಲ್ಲಿ ಪರಮಾಣು ಕಾಲದ ಅಳತೆಯೂ ಹೌದು, ಕಣ್ಣು ಮಿಟುಕಿಸುವ ನಿಮೇಷಕ್ಕಿಂತ ಎಷ್ಟೋ ಚಿಕ್ಕ ಕ್ಷಣ.

ಐದು ಕಡೆ ಐದು ಲೆಕ್ಕ. ಇದು ಯಾರ ತಪ್ಪೂ ಅಲ್ಲ. ಅವರವರ ಕೆಲಸಕ್ಕೆ, ಅಂದರೆ ಶಿಲ್ಪಕ್ಕೆ, ಚಿನ್ನದ ತೂಕಕ್ಕೆ, ಕಾಲಗಣನೆಗೆ, ತರ್ಕಕ್ಕೆ "ಅತಿ ಸಣ್ಣದು" ಎಂಬ ಒಂದು ತುದಿ ಬೇಕಿತ್ತು. ಆ ತುದಿಗೆ ಇಟ್ಟ ಹೆಸರು ಪರಮಾಣು ಅಥವಾ ತ್ರಸರೇಣು.

ನಾವೇ ಒಂದು ಲೆಕ್ಕ ಮಾಡೋಣ

ಮನುಸ್ಮೃತಿಯ ಪಟ್ಟಿಯನ್ನು ಗುಣಿಸಿದರೆ 8 × 3 × 3 × 6 × 3 = 1296 ತ್ರಸರೇಣು ಸೇರಿ ಒಂದು ಗುಲಗಂಜಿ. ಒಂದು ಗುಲಗಂಜಿಯ ತೂಕ ಸುಮಾರು 120 ಮಿಲಿಗ್ರಾಂ ಎಂದಿಟ್ಟುಕೊಂಡರೆ ಒಂದು ತ್ರಸರೇಣು ಸುಮಾರು 0.09 ಮಿಲಿಗ್ರಾಂ. ಬಿಸಿಲಿನಲ್ಲಿ ತೇಲುವ ನಿಜವಾದ ಧೂಳಿನ ಕಣ ಇದಕ್ಕಿಂತ ಎಷ್ಟೋ ಪಟ್ಟು ಹಗುರ. ಅಂದರೆ ಇದು ತಕ್ಕಡಿಯಲ್ಲಿ ಅಳೆದು ಬರೆದ ಸಂಖ್ಯೆಯಲ್ಲ, ಕ್ರಮಕ್ಕಾಗಿ ಇಟ್ಟ ಮೆಟ್ಟಿಲು.

ಈಗ ಇಂದಿನ ಲೆಕ್ಕ. ಒಂದು ಮಿಲಿಮೀಟರಿನ ನೂರನೇ ಒಂದು ಭಾಗ ಅಗಲದ ಮರಳಿನ ಧೂಳು ತೆಗೆದುಕೊಳ್ಳಿ. ಅದರಲ್ಲಿ ಇರುವ ಪರಮಾಣುಗಳು ಸುಮಾರು 40 ಲಕ್ಷ ಕೋಟಿ. ವೈಶೇಷಿಕರ ಲೆಕ್ಕದಲ್ಲಿ ಆ ಧೂಳಿನಲ್ಲಿ ಇರಬೇಕಾದ್ದು 6. ಹೆಸರು ಒಂದೇ ಆದರೂ ವಸ್ತು ಒಂದೇ ಅಲ್ಲ ಎಂದು ನಾವು ಮೇಲೆ ಹೇಳಿದ್ದು ಇದಕ್ಕೇ.

ಹಾಗಾದರೆ ಡಾಲ್ಟನ್ ಹೊಸದಾಗಿ ಏನು ಮಾಡಿದರು?

ಮೊದಲು ಗ್ರೀಕರನ್ನು ನೋಡೋಣ. ಕ್ರಿಸ್ತಪೂರ್ವ 5ನೇ ಶತಮಾನದಲ್ಲಿ ಲ್ಯೂಸಿಪಸ್ ಮತ್ತು ಡೆಮಾಕ್ರಿಟಸ್ "ಆಟಮೋಸ್" ಎಂಬ ಪದ ಬಳಸಿದರು. ಅದರ ಅರ್ಥ "ಕತ್ತರಿಸಲಾಗದ್ದು". ಅವರದ್ದೂ ತರ್ಕವೇ, ಪ್ರಯೋಗವಲ್ಲ. ಕ್ರಿಸ್ತಪೂರ್ವ 1ನೇ ಶತಮಾನದ ರೋಮನ್ ಕವಿ ಲುಕ್ರೀಶಿಯಸ್ ಕೂಡ ಬಿಸಿಲಿನ ಕೋಲಿನಲ್ಲಿ ಕುಣಿಯುವ ಧೂಳನ್ನೇ ಉದಾಹರಣೆಯಾಗಿ ತೋರಿಸಿದ್ದಾರೆ. ಆ ದೇಶವಾದರೂ ಈ ದೇಶವಾದರೂ ಮನೆಯೊಳಗೆ ಕುಳಿತವರಿಗೆ ಕಂಡದ್ದು ಒಂದೇ ಧೂಳು. ಆದ್ದರಿಂದ "ಕಣಾದರು ಕಂಡುಹಿಡಿಯಲಿಲ್ಲ, ಡೆಮಾಕ್ರಿಟಸ್ ಕಂಡುಹಿಡಿದ" ಎನ್ನುವವರ ವಾದವೂ ನಿಲ್ಲುವುದಿಲ್ಲ. ಅಳತೆಗೋಲು ಇಬ್ಬರಿಗೂ ಒಂದೇ ಇರಬೇಕು.

ಇಂಗ್ಲೆಂಡಿನ ಜಾನ್ ಡಾಲ್ಟನ್ 1808ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದ್ದದ್ದು ತೂಕದ ಲೆಕ್ಕ. ಇಂದಿನ ಸಂಖ್ಯೆಗಳಲ್ಲಿ ಹೇಳುವುದಾದರೆ, 12 ಗ್ರಾಂ ಇಂಗಾಲ 16 ಗ್ರಾಂ ಆಕ್ಸಿಜನ್ ಜೊತೆ ಸೇರಿದರೆ ಒಂದು ಅನಿಲ, 32 ಗ್ರಾಂ ಜೊತೆ ಸೇರಿದರೆ ಇನ್ನೊಂದು ಅನಿಲ. ನಡುವೆ 20, 25 ಗ್ರಾಂ ಎಂದು ಬೇಕಾದ ಹಾಗೆ ಸೇರುವುದಿಲ್ಲ. ಸರಿಯಾಗಿ ಎರಡು ಪಟ್ಟು. ವಸ್ತು ಎಣಿಸಬಹುದಾದ ಕಣಗಳಿಂದ ಆಗಿದ್ದರೆ ಮಾತ್ರ ಹೀಗಾಗಲು ಸಾಧ್ಯ. ಇದು ಯಾರು ಬೇಕಾದರೂ ತಕ್ಕಡಿ ಹಿಡಿದು ಪರೀಕ್ಷಿಸಬಹುದಾದ ಮಾತು. ಸುಳ್ಳಾಗುವ ಅವಕಾಶವೂ ಇದ್ದ ಮಾತು. ವ್ಯತ್ಯಾಸ ಇರುವುದು ಇಲ್ಲಿ.

ಆಮೇಲೂ ಅನುಮಾನ ಹೋಗಲಿಲ್ಲ. ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳು ತಾವಾಗಿ ನಡುಗುವುದನ್ನು 1827ರಲ್ಲಿ ರಾಬರ್ಟ್ ಬ್ರೌನ್ ಗಮನಿಸಿದರು. 1905ರಲ್ಲಿ ಐನ್‌ಸ್ಟೈನ್ ಅದಕ್ಕೆ ಕಾರಣ ನೀರಿನ ಅಣುಗಳ ಹೊಡೆತ ಎಂದು ಲೆಕ್ಕ ಕೊಟ್ಟರು. ಫ್ರಾನ್ಸಿನ ಜ್ಯಾಂ ಪೆರಾಂ ಅದನ್ನು ಪ್ರಯೋಗದಲ್ಲಿ ಅಳೆದು ತೋರಿಸಿದರು, 1926ರಲ್ಲಿ ನೊಬೆಲ್ ಪಡೆದರು. ಅಷ್ಟರಲ್ಲಿ "ಕತ್ತರಿಸಲಾಗದ್ದು" ಎಂಬ ಹೆಸರೇ ಸುಳ್ಳಾಗಿತ್ತು. 1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನ್ ಕಂಡುಹಿಡಿದಿದ್ದರು, 1911ರಲ್ಲಿ ರುದರ್‌ಫರ್ಡ್ ಪರಮಾಣುವಿನ ನಡುವೆ ಬೀಜ ಇದೆ ಎಂದು ತೋರಿಸಿದ್ದರು.

ಫಾರ್ವರ್ಡ್ ಚಿತ್ರದಲ್ಲಿ ಋಷಿಯ ಪಕ್ಕ ಎಲೆಕ್ಟ್ರಾನ್ ಸುತ್ತುತ್ತಿರುತ್ತದಲ್ಲ, ಅದು ಕಣಾದರ ಸಿದ್ಧಾಂತಕ್ಕೆ ನೇರ ವಿರುದ್ಧ. ಒಳಗೆ ಭಾಗಗಳಿರುವ ಪರಮಾಣುವನ್ನು ಅವರು ಪರಮಾಣು ಎಂದೇ ಒಪ್ಪುತ್ತಿರಲಿಲ್ಲ.

ಕನ್ನಡದಲ್ಲಿ ಆಗಿರುವ ಗೊಂದಲ

ವಿಜ್ಞಾನವನ್ನು ಭಾರತೀಯ ಭಾಷೆಗಳಲ್ಲಿ ಕಲಿಸಲು ಹೊರಟವರಿಗೆ ಎರಡು ಪದ ಬೇಕಾಗಿದ್ದವು: ಆಟಂಗೆ ಒಂದು, ಮಾಲಿಕ್ಯೂಲ್‌ಗೆ ಒಂದು. ಹಳೆಯ ಪೆಟ್ಟಿಗೆಯಲ್ಲಿ ಅಣು, ಪರಮಾಣು, ರೇಣು ಇದ್ದವು. ಒಂದೊಂದು ಭಾಷೆ ಒಂದೊಂದು ಬಗೆಯಲ್ಲಿ ಹಂಚಿಕೊಂಡಿತು.

• ಕನ್ನಡ, ತೆಲುಗು, ಹಿಂದಿ, ಬಂಗಾಳಿ: ಆಟಂ ಎಂದರೆ ಪರಮಾಣು, ಮಾಲಿಕ್ಯೂಲ್ ಎಂದರೆ ಅಣು.
• ಮರಾಠಿ: ಆಟಂ ಎಂದರೆ ಅಣು, ಮಾಲಿಕ್ಯೂಲ್ ಎಂದರೆ ರೇಣು.
• ತಮಿಳು: ಆಟಂ ಎಂದರೆ ಅಣು, ಮಾಲಿಕ್ಯೂಲ್ ಎಂದರೆ ಮೂಲಕ್ಕೂರು.
• ಮಲಯಾಳಂ: ಮಾಲಿಕ್ಯೂಲ್ ಎಂದರೆ ತನ್ಮಾತ್ರ. ಅಣು ಎಂದರೆ ಆಟಂ ಆಗಬಹುದು, ರೋಗದ ಕ್ರಿಮಿಯೂ ಆಗಬಹುದು. ಸೋಂಕಿಗೆ ಅಲ್ಲಿ "ಅಣುಬಾಧೆ" ಎನ್ನುತ್ತಾರೆ.

ಬೆಳಗಾವಿಯಲ್ಲಿ ಒಂದೇ ಬೀದಿಯ ಇಬ್ಬರು ಮಕ್ಕಳು, ಒಬ್ಬಳು ಕನ್ನಡ ಶಾಲೆ, ಒಬ್ಬಳು ಮರಾಠಿ ಶಾಲೆ. ಇಬ್ಬರೂ "ಅಣು" ಎಂದು ಬರೆದರೆ ಒಬ್ಬಳ ಉತ್ತರದಲ್ಲಿ ಅದು ಮಾಲಿಕ್ಯೂಲ್, ಇನ್ನೊಬ್ಬಳ ಉತ್ತರದಲ್ಲಿ ಆಟಂ. ಇಬ್ಬರಿಗೂ ಪೂರ್ತಿ ಅಂಕ ಸಿಗಬೇಕು.

ಕನ್ನಡದೊಳಗೇ ಇನ್ನೊಂದು ತೊಡಕಿದೆ. ಪಾಠದಲ್ಲಿ ಅಣು ಎಂದರೆ ಮಾಲಿಕ್ಯೂಲ್. ಆದರೆ ಪತ್ರಿಕೆಯಲ್ಲಿ ಅಣುಬಾಂಬ್, ಅಣುಶಕ್ತಿ, ಅಣುಸ್ಥಾವರ ಎನ್ನುವಾಗ ಅಣು ಎಂದರೆ ಆಟಂ, ಇನ್ನೂ ಸರಿಯಾಗಿ ಹೇಳಬೇಕೆಂದರೆ ಆಟಂನ ಒಳಗಿನ ಬೀಜ. 1938ರಲ್ಲಿ ಜರ್ಮನಿಯಲ್ಲಿ ಕಂಡುಬಂದದ್ದು, 1945ರ ಆಗಸ್ಟ್ 6ರಂದು ಹಿರೋಶಿಮಾದಲ್ಲಿ ಸಿಡಿದದ್ದು, ಉತ್ತರ ಕನ್ನಡದ ಕೈಗಾದಲ್ಲಿ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಲ್ಲಿ ನಿಯಂತ್ರಣದಲ್ಲಿಟ್ಟು ನಡೆಸುತ್ತಿರುವುದು ಈ ಬೀಜದ ವಿದಳನ. ಅದಕ್ಕೆ ಕನ್ನಡದಲ್ಲಿ "ಬೈಜಿಕ" ಎಂಬ ಸರಿಯಾದ ಪದ ಇದೆ, ಬಳಕೆ ಕಡಿಮೆ. ಪಾಠದ ಅರ್ಥವನ್ನೇ ಹಿಡಿದು ನೋಡಿದರೆ ನಿಜವಾದ "ಅಣು ಬಾಂಬ್" ಎಂದರೆ ದೀಪಾವಳಿಯ ಪಟಾಕಿ. ಅಲ್ಲಿ ಪರಮಾಣುಗಳು ಒಡೆಯುವುದಿಲ್ಲ, ಅಣುಗಳು ಮಾತ್ರ ಬದಲಾಗುತ್ತವೆ.

ಪದ ನೋಡಿ ಹೆದರಬೇಡಿ

ದೊಡ್ಡ ಆಸ್ಪತ್ರೆಗಳಲ್ಲಿ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ ಇರುತ್ತದೆ, ಕನ್ನಡದಲ್ಲಿ ಅದನ್ನು ಅಣು ವೈದ್ಯಕೀಯ ಎಂದೂ ಬರೆಯುತ್ತಾರೆ. ಹೆಸರು ಓದಿದ ಮನೆಯವರಿಗೆ ಬಾಂಬು ನೆನಪಾದರೆ ಆಶ್ಚರ್ಯವಿಲ್ಲ. ಅಲ್ಲಿ ನಡೆಯುವುದು ಬೇರೆ. ಉದಾಹರಣೆಗೆ ಮೂಳೆ ಅಥವಾ ಹೃದಯದ ಸ್ಕ್ಯಾನ್‌ಗೆ ಬಹಳ ಸ್ವಲ್ಪ ಪ್ರಮಾಣದ ಟೆಕ್ನೀಷಿಯಂ-99ಎಂ ಇರುವ ಔಷಧಿ ಕೊಡುತ್ತಾರೆ. ಅದು 6 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತಾ ಹೋಗುತ್ತದೆ. ಥೈರಾಯ್ಡ್ ಚಿಕಿತ್ಸೆಗೆ ಬಳಸುವ ಅಯೋಡಿನ್-131 ಅರ್ಧಕ್ಕೆ ಇಳಿಯಲು ಸುಮಾರು 8 ದಿನ ಬೇಕು, ಆದ್ದರಿಂದ ಆ ರೋಗಿಗಳಿಗೆ ಕೆಲವು ದಿನ ಎಚ್ಚರಿಕೆ ಹೇಳುತ್ತಾರೆ. ಇವು ಸ್ಫೋಟಿಸುವುದಿಲ್ಲ. ವಿಕಿರಣ ಇರುವುದು ನಿಜ, ಆದ್ದರಿಂದ ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಪರೀಕ್ಷೆಗೆ ಮೊದಲೇ ವೈದ್ಯರಿಗೆ ತಿಳಿಸಲೇಬೇಕು. ಆದರೆ ಹೆಸರಿಗೆ ಹೆದರಿ, ಯಾರನ್ನೂ ಕೇಳದೆ ಪರೀಕ್ಷೆ ತಪ್ಪಿಸಿಕೊಳ್ಳುವುದು ಅಪಾಯ.

ಎಂಆರ್‌ಐ ಸ್ಕ್ಯಾನ್‌ನ ಕಥೆ ಇನ್ನೂ ಪಾಠ ಕಲಿಸುತ್ತದೆ. ಅದರ ಮೊದಲ ಹೆಸರಿನಲ್ಲಿ "ನ್ಯೂಕ್ಲಿಯರ್" ಎಂಬ ಪದ ಇತ್ತು, ಏಕೆಂದರೆ ಅದು ದೇಹದ ನೀರಿನಲ್ಲಿರುವ ಹೈಡ್ರೋಜನ್ ಪರಮಾಣುಗಳ ಬೀಜದಿಂದ ಸಂಕೇತ ಪಡೆಯುತ್ತದೆ. ಅದರಲ್ಲಿ ಎಕ್ಸ್‌ರೇಯಂಥ ವಿಕಿರಣವೇ ಇಲ್ಲ. ಆದರೂ ಆ ಒಂದು ಪದ ಜನರನ್ನು ಹೆದರಿಸುತ್ತದೆ ಎಂಬ ಕಾರಣವೂ ಸೇರಿ, ಅದನ್ನು ಹೆಸರಿನಿಂದ ಕೈಬಿಡಲಾಯಿತು.

ರೋಗಾಣು, ವೈರಾಣು, ವೀರ್ಯಾಣು, ಅಂಡಾಣು ಇವುಗಳಲ್ಲಿರುವ ಅಣು ಮತ್ತೆ ಹಳೆಯ ಅರ್ಥದ್ದೇ: ಸಣ್ಣದು. ಕೊರೊನಾ ವೈರಾಣುವಿನ ಅಗಲ ಸುಮಾರು 100 ನ್ಯಾನೋಮೀಟರ್, ಒಂದು ಪರಮಾಣುವಿನ ಅಗಲ ಸುಮಾರು 0.1 ರಿಂದ 0.5 ನ್ಯಾನೋಮೀಟರ್. ಮನುಷ್ಯರ ಅಂಡಾಣುವಂತೂ ಸುಮಾರು 0.1 ಮಿಲಿಮೀಟರ್, ಬರಿಗಣ್ಣಿಗೆ ಚುಕ್ಕಿಯಾಗಿ ಕಾಣುವಷ್ಟು ದೊಡ್ಡದು. ಹೆಸರಿನಲ್ಲಿ "ಅಣು" ಇದ್ದ ಮಾತ್ರಕ್ಕೆ ಒಂದೇ ಗಾತ್ರ ಎಂದುಕೊಂಡರೆ "ವೈರಾಣು ಎಂದರೆ ಅಣು, ಯಾವ ಬಟ್ಟೆಯಿಂದಲೂ ತಡೆಯಲಾಗದು" ಎಂಬಂಥ ವಾದಗಳು ಸಲೀಸಾಗಿ ನಂಬಿಕೆಗೆ ಬರುತ್ತವೆ.

ಮುಂದಿನ ಸಲ ಈ ಫಾರ್ವರ್ಡ್ ಬಂದರೆ

ಮೂರು ಪ್ರಶ್ನೆ ಕೇಳಿ. ಒಂದು, ಹಳೆಯ ಪದವನ್ನು ಹಳೆಯ ಅರ್ಥದಲ್ಲಿ ಹೇಳುತ್ತಿದ್ದಾರೋ, ಇಂದಿನ ಅರ್ಥವನ್ನು ಅದಕ್ಕೆ ಅಂಟಿಸಿದ್ದಾರೋ? ಎರಡು, ಯಾವ ಗ್ರಂಥ, ಯಾವ ಕಾಲ ಎಂದು ಹೇಳಿದ್ದಾರೋ, ಬರೀ "ವೇದಗಳಲ್ಲಿದೆ" ಎಂದಿದ್ದಾರೋ? ವೈಶೇಷಿಕ ಸೂತ್ರ ವೇದವಲ್ಲ. ಮೂರು, ಅದು ವಿಚಾರವೋ, ಅಳತೆ ಮಾಡಿ ತೋರಿಸಿದ ಫಲಿತಾಂಶವೋ? ಎರಡಕ್ಕೂ ಬೆಲೆ ಇದೆ, ಆದರೆ ಎರಡೂ ಒಂದಲ್ಲ.

ಗುಂಪಿನಲ್ಲಿ ಜಗಳ ಬೇಡ ಎಂದಿದ್ದರೆ ಇಷ್ಟು ಕಳಿಸಿದರೆ ಸಾಕು: "ವಸ್ತುವನ್ನು ಒಡೆಯುತ್ತಾ ಹೋದರೆ ಕೊನೆಗೆ ಒಡೆಯಲಾಗದ ಕಣ ಉಳಿಯಬೇಕು ಎಂದು ಕಣಾದರ ಪರಂಪರೆಯವರು ತರ್ಕದಿಂದ ಹೇಳಿದರು. ಅದನ್ನು ಪರಮಾಣು ಎಂದರು. ಇಂದಿನ ವಿಜ್ಞಾನದ ಪರಮಾಣು ಬೇರೆ, ಅದು ಒಡೆಯುತ್ತದೆ, ಅದರಲ್ಲಿ ನೂರಕ್ಕೂ ಹೆಚ್ಚು ಬಗೆ ಇದೆ. ನಾವು ಹಳೆಯ ಪದವನ್ನು ಹೊಸ ವಸ್ತುವಿಗೆ ಇಟ್ಟುಕೊಂಡಿದ್ದೇವೆ." ಇದರಲ್ಲಿ ಕಣಾದರಿಗೂ ಅವಮಾನವಿಲ್ಲ, ಡಾಲ್ಟನ್‌ಗೂ ಇಲ್ಲ, ಓದುವವರಿಗೂ ಇಲ್ಲ.